ಮೊಮ್ಮಕ್ಕಳ ಜೊತೆ ಮನೇಲಿ ಯುಗಾದಿ: ಯಾವುದು ಮೊದಲು, ಯಾವುದು ಆಮೇಲೆ

ಪ್ರತಿ ವರ್ಷ ಅಜ್ಜಿ-ತಾತಂದಿರು ಹೇಳೋ ಕಥೆ ಹೆಚ್ಚೂಕಮ್ಮಿ ಒಂದೇ. ಮೊಮ್ಮಕ್ಕಳು ಬಂದ್ರು, ಎಣ್ಣೆ ಹಚ್ಚೋಕೆ ಹೋದ್ರೆ ಅತ್ರು, ಬೇವು ಬಾಯಿಗಿಟ್ಟ ತಕ್ಷಣ ಉಗಿದ್ರು, ಮಧ್ಯಾಹ್ನ ಎರಡೂವರೆ ಆದ್ರೂ ಒಬ್ಬಟ್ಟು ಆಗ್ಲಿಲ್ಲ, ಅಷ್ಟರಲ್ಲಿ ಮಕ್ಕಳು ಚಿಪ್ಸ್ ತಿಂದು ಮೊಬೈಲ್ ಹಿಡ್ಕೊಂಡು ಮೂಲೇಲಿ ಕೂತ್ರು. ಇದ್ರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಕೆಲಸದ ಕ್ರಮ ತಪ್ಪಿರುತ್ತೆ ಅಷ್ಟೆ. ಹೂರಣ ಹಬ್ಬದ ಬೆಳಿಗ್ಗೆ ರುಬ್ಬೋಕೆ ಕೂತ್ರೆ ಅಜ್ಜಿ ಅಡುಗೆಮನೆ ಬಿಟ್ಟು ಆಚೆಗೇ ಬರಲ್ಲ, ಅಜ್ಜಿ ಇಲ್ದೆ ಮಕ್ಕಳಿಗೆ ಹಬ್ಬವೇ ಇಲ್ಲ. ಹಾಗಾಗಿ ಇಡೀ ದಿನಾನ ಮಕ್ಕಳ ಹಸಿವು, ನಿದ್ದೆ, ತಾಳ್ಮೆ ನೋಡ್ಕೊಂಡು ಹೊಂದಿಸಿ ಬರೆದಿದ್ದೀನಿ. ಮೂರು ವರ್ಷದಿಂದ ಹನ್ನೆರಡು ವರ್ಷದ ತನಕದ ಮಕ್ಕಳು ಇರೋ ಮನೆಗೆ ಇದು ಸರಿಹೋಗುತ್ತೆ.

## ಮೊದಲೇ ತಂದಿಟ್ಕೊಳ್ಳಬೇಕಾದದ್ದು

ಹೊಸ ಪಂಚಾಂಗ ಒಂದು. ಮಕ್ಕಳಿಗೆ ಓದೋಕೆ ಆಗೋ ಹಾಗೆ ಅಕ್ಷರ ಸ್ವಲ್ಪ ದೊಡ್ಡದಿರೋದೇ ನೋಡಿ ತನ್ನಿ. ಹರಳೆಣ್ಣೆ, ಕೊಬ್ಬರಿ ಎಣ್ಣೆ, ಕಡಲೆಹಿಟ್ಟು. ತೋರಣಕ್ಕೆ ಹುರಿ, ತೆಂಗಿನ ಗರಿಯ ಕಡ್ಡಿ. ರಂಗೋಲಿ ಪುಡಿ, ಚಿಕ್ಕವರಿಗೆ ಅಂತ ಬೇರೆ ಡಬ್ಬಿಯಲ್ಲಿ ಅಕ್ಕಿಹಿಟ್ಟು. ತೊಗರಿಬೇಳೆ, ಬೆಲ್ಲ, ಚಿರೋಟಿ ರವೆ, ಮೈದಾ, ಏಲಕ್ಕಿ. ಒಬ್ಬಟ್ಟು ತಟ್ಟೋಕೆ ಬಾಳೆ ಎಲೆ. ಬಚ್ಚಲಮನೆಗೆ ಜಾರದೇ ಇರೋ ಮ್ಯಾಟ್, ಇದನ್ನ ಮರೀಬೇಡಿ, ಎಣ್ಣೆ ಸ್ನಾನದ ದಿನ ಜಾರಿ ಬೀಳೋದು ಮಕ್ಕಳಿಗಿಂತ ಅಜ್ಜಿ-ತಾತಂದಿರೇ ಜಾಸ್ತಿ.

ಹೊಸ ಬಟ್ಟೆ ಹಬ್ಬಕ್ಕೆ ಮುಂಚೆ ಒಂದ್ಸಲ ಹಾಕಿಸಿ ನೋಡಿ. ಬಟ್ಟೆ ಚುಚ್ಚುತ್ತೆ, ಟೈಟ್ ಆಗುತ್ತೆ ಅಂತ ಪೂಜೆ ಹೊತ್ತಲ್ಲಿ ಗಲಾಟೆ ಶುರುವಾದ್ರೆ ಆಮೇಲೆ ಏನು ಮಾಡಿದ್ರೂ ಸರಿಹೋಗಲ್ಲ.

## ಹಂತ 1: ಒಂದು ವಾರ ಮುಂಚೆ ಶ್ಲೋಕ ಮತ್ತು ಕೆಲಸ ಹಂಚೋದು

ಬೇವು-ಬೆಲ್ಲ ತಿನ್ನುವಾಗ ಹೇಳೋ ಶ್ಲೋಕ ಇದು:

ಶತಾಯುರ್ವಜ್ರದೇಹಾಯ ಸರ್ವಸಂಪತ್ಕರಾಯ ಚ |
ಸರ್ವಾರಿಷ್ಟವಿನಾಶಾಯ ನಿಂಬಕಂದಳಭಕ್ಷಣಂ ||

ನೂರು ವರ್ಷ ಆಯಸ್ಸು, ವಜ್ರದಂಥ ಗಟ್ಟಿ ದೇಹ, ಸಕಲ ಸಂಪತ್ತು ಸಿಗಲಿ, ಎಲ್ಲ ಕೆಡುಕೂ ನಾಶವಾಗಲಿ ಅಂತ ಬೇವಿನ ಚಿಗುರು ತಿನ್ನೋದು ಅನ್ನೋ ಅರ್ಥ. ಹಬ್ಬದ ದಿನವೇ ಕೂರಿಸಿಕೊಂಡು ಹೇಳ್ಕೊಟ್ರೆ ಬಾಯಿಗೆ ಬರಲ್ಲ. ಮಕ್ಕಳು ಬೇರೆ ಊರಲ್ಲಿದ್ರೆ ದಿನಾ ರಾತ್ರಿ ಫೋನಲ್ಲಿ ಕಾಲು ಭಾಗ ಹೇಳಿಸಿ, ಮೊದಲ ದಿನ "ಶತಾಯುರ್ವಜ್ರದೇಹಾಯ" ಇಷ್ಟೇ ಸಾಕು. ನಾಲ್ಕು ದಿನಕ್ಕೆ ಪೂರ್ತಿ ಬರುತ್ತೆ, ಉಳಿದ ದಿನ ಸುಮ್ನೆ ಒಪ್ಪಿಸಿದ್ರಾಯ್ತು.

ಕೆಲಸಾನೂ ಫೋನಲ್ಲೇ ಹಂಚಿಬಿಡಿ. "ತೋರಣ ನಿಂದು, ಬೇವು-ಬೆಲ್ಲ ತಂಗೀದು" ಅಂತ ಹೆಸರು ಹಿಡಿದು ಹೇಳಿ. "ಬಂದು ಅಜ್ಜಿಗೆ ಸಹಾಯ ಮಾಡ್ರೋ" ಅಂದ್ರೆ ಯಾರೂ ಮಾಡಲ್ಲ. ಪೂರ್ತಿ ಒಂದು ಕೆಲಸದ ಜವಾಬ್ದಾರಿ ಕೊಟ್ರೆ ಐದು ವರ್ಷದ ಮಗುವೂ ಬೆಳಿಗ್ಗೆ ತಾನೇ ಎದ್ದು ಬರುತ್ತೆ.

## ಹಂತ 2: ಅಮಾವಾಸ್ಯೆ ದಿನ ಹೂರಣ ರೆಡಿ ಮಾಡಿ

ಕಷ್ಟದ ಕೆಲಸ ಅಂದ್ರೆ ಇದೇ, ಅದಕ್ಕೇ ಹಿಂದಿನ ದಿನ. ಒಂದು ಲೋಟ ತೊಗರಿಬೇಳೆಗೆ ಒಂದು ಲೋಟ ಬೆಲ್ಲದ ಪುಡಿ. ಕುಕ್ಕರ್ ಬೇಡ, ತೆರೆದ ಪಾತ್ರೇಲಿ ಬೇಯಿಸಿ. ಬೆರಳಲ್ಲಿ ಅದುಮಿದ್ರೆ ಬೇಳೆ ಮೆತ್ತಗೆ ಹಿಸುಕಬೇಕು, ಆದ್ರೆ ಪಾತ್ರೇಲಿ ಆಕಾರ ಉಳಿಸಿಕೊಂಡಿರಬೇಕು. ಕರಗಿ ಗಂಜಿ ಥರ ಆಯ್ತು ಅಂದ್ರೆ ಹೂರಣ ನೀರಾಗುತ್ತೆ ಅನ್ನೋದಕ್ಕೆ ಅದೇ ಮೊದಲ ಸೂಚನೆ. ಬೆಂದ ನೀರನ್ನ ಚೆಲ್ಲಬೇಡಿ, ಅದೇ ಕಟ್ಟು, ನಾಳೆ ಒಬ್ಬಟ್ಟಿನ ಸಾರಿಗೆ ಬೇಕು, ಆರಿದ ಮೇಲೆ ಫ್ರಿಜ್ಜಿಗಿಡಿ.

ಬೇಳೆಯ ನೀರು ಪೂರ್ತಿ ಸೋರಿದ ಮೇಲೆ ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸ್ತಾ ಇರಿ, ಮಧ್ಯದಲ್ಲಿ ಸೌಟು ಚುಚ್ಚಿದ್ರೆ ಬೀಳದೆ ನಿಲ್ಲಬೇಕು. ಏಲಕ್ಕಿ ಸೇರಿಸಿ, ಬಿಸಿ ಸ್ವಲ್ಪ ಆರಿದ ಮೇಲೆ ನೀರು ತಾಕಿಸದೆ ರುಬ್ಬಿ. ರುಬ್ಬಿದ ಮೇಲೂ ಕೈಗೆ ಅಂಟ್ತಾ ಇದ್ರೆ ಅಗಲ ಬಾಣಲೆಗೆ ಹಾಕಿ ಇನ್ನೊಂದಷ್ಟು ಹೊತ್ತು ತಿರುವಿ, ಗಟ್ಟಿಯಾಗುತ್ತೆ. ಸುಮಾರು ಜನ ಅದಕ್ಕೆ ಮೈದಾ ಸುರಿದು ಗಟ್ಟಿ ಮಾಡ್ತಾರೆ, ರುಚಿ ಕೆಡುತ್ತೆ, ಅಷ್ಟು ಬೇಕೇಬೇಕು ಅಂದ್ರೆ ಹುರಿಗಡಲೆ ಪುಡಿ ಒಂದೆರಡು ಚಮಚ ಹಾಕಿ. ಪೂರ್ತಿ ಆರಿದ ಮೇಲೆ ಹೂರಣಾನೂ ಫ್ರಿಜ್ಜಿಗಿಡಿ.

ಬೆಲ್ಲ ಕುದಿಯುವಾಗ ಮಕ್ಕಳು ಒಲೆ ಹತ್ರ ಬರಲೇಬಾರದು. ಬಿಸಿ ನೀರಾದ್ರೆ ಹರಿದು ಹೋಗುತ್ತೆ, ಬೆಲ್ಲದ ಪಾಕ ಚರ್ಮಕ್ಕೆ ಅಂಟ್ಕೊಂಡು ಸುಡ್ತಾನೇ ಇರುತ್ತೆ. ಹಾಗೇನಾದ್ರೂ ಆದ್ರೆ ತಕ್ಷಣ ನಲ್ಲಿ ಕೆಳಗೆ ಹರಿಯೋ ತಣ್ಣೀರಲ್ಲಿ 20 ನಿಮಿಷ ಹಿಡೀರಿ. ಟೂತ್‌ಪೇಸ್ಟ್, ಅರಿಶಿನ, ಐಸ್ ಯಾವುದೂ ಹಚ್ಚಬೇಡಿ. ಬೊಬ್ಬೆ ಬಂದ್ರೆ ಡಾಕ್ಟರ್ ಹತ್ರ ಹೋಗಿ.

ಅದೇ ದಿನ ಸಂಜೆ ಮಕ್ಕಳನ್ನ ಕರ್ಕೊಂಡು ಮಾವಿನ ಎಲೆ, ಬೇವಿನ ಹೂ ತನ್ನಿ. ಮಾವಿನ ಮರದಲ್ಲಿ ಎಲೆಗಳು ಒಂದಕ್ಕೊಂದು ಅಂಟಿಕೊಂಡು ಉಂಡೆಯಾಗಿದ್ರೆ ಅದು ಕೆಂಜಿಗದ ಗೂಡು, ಆ ಕೊಂಬೆ ಮುಟ್ಟಬೇಡಿ. ಎಲೆ ಕಿತ್ತ ಜಾಗದಲ್ಲಿ ಬರೋ ಸೊನೆ ಕೆಲವು ಮಕ್ಕಳ ಚರ್ಮಕ್ಕೆ ಆಗಲ್ಲ, ಕೆಂಪಗೆ ಬೊಕ್ಕೆ ಏಳುತ್ತೆ, ಹಾಗಾಗಿ ದೊಡ್ಡವರೇ ಕಿತ್ತು ತೊಳೆದು ಆಮೇಲೆ ಮಕ್ಕಳ ಕೈಗೆ ಕೊಡಿ. ಒದ್ದೆ ಬಟ್ಟೇಲಿ ಸುತ್ತಿಟ್ರೆ ಬೆಳಿಗ್ಗೆವರೆಗೂ ಬಾಡಲ್ಲ.

ಬೇವಿನ ವಿಷಯದಲ್ಲಿ ಒಂದು ಎಚ್ಚರಿಕೆ. ಹುಚ್ಚುಬೇವು ಅನ್ನೋ ಮರ ನೋಡೋಕೆ ಬೇವಿನ ಥರಾನೇ ಇರುತ್ತೆ, ಆದ್ರೆ ಅದು ತಿನ್ನೋದಲ್ಲ, ವಿಷ. ಬೇವಿನ ಹೂವು ಬಿಳಿ, ಚಿಕ್ಕದು. ಹುಚ್ಚುಬೇವಿನ ಹೂವಲ್ಲಿ ನೇರಳೆ ಬಣ್ಣ ಎದ್ದು ಕಾಣುತ್ತೆ. ಬೇವಲ್ಲಿ ಒಂದು ಕಡ್ಡಿಯ ಎರಡೂ ಕಡೆ ಎಲೆ ಸಾಲಾಗಿರುತ್ತೆ, ಹುಚ್ಚುಬೇವಲ್ಲಿ ಆ ಕಡ್ಡಿ ಮತ್ತೆ ಕವಲೊಡೆದು ಆ ಕವಲಲ್ಲಿ ಎಲೆ ಇರುತ್ತೆ. ಗೊತ್ತಾಗ್ಲಿಲ್ಲ ಅಂದ್ರೆ ಕೀಳಬೇಡಿ, ಮಾರ್ಕೆಟ್ಟಲ್ಲಿ ಹಬ್ಬದ ಹಿಂದಿನ ದಿನ ಹೂವು ಸಮೇತ ಕಟ್ಟು ಸಿಗುತ್ತೆ. ಮೇನ್ ರೋಡ್ ಪಕ್ಕದ ಮರದ್ದಾದ್ರೆ ಧೂಳು ತುಂಬಿರುತ್ತೆ, ಮೂರ್ನಾಲ್ಕು ನೀರಲ್ಲಿ ತೊಳೀರಿ.

ರಾತ್ರಿ ಮಲಗೋ ಮುಂಚೆ ಹಳೇ ಪೇಪರ್ ಮೇಲೆ ಐದು ಚುಕ್ಕಿ ಐದು ಸಾಲಿನ ರಂಗೋಲಿ ಒಂದ್ಸಲ ಪೆನ್ಸಿಲ್ಲಲ್ಲಿ ಬರೆಸಿ. ಎಂಟೂವರೆ ಒಂಬತ್ತಕ್ಕೆಲ್ಲ ಮಲಗಿಸಿಬಿಡಿ, ಇಲ್ಲಾಂದ್ರೆ ಮುಂದಿನ ಹಂತ ಪೂರ್ತಿ ಕೈಕೊಡುತ್ತೆ.

## ಹಂತ 3: ಎಣ್ಣೆ ಸ್ನಾನ

ಬೆಳಿಗ್ಗೆ ಆರು, ಆರೂವರೆಗೆ ಎಬ್ಬಿಸಿ. ಎದ್ದ ತಕ್ಷಣ ಎಣ್ಣೆ ಕೈಲಿ ಹಿಡ್ಕೊಂಡು ನಿಲ್ಲಬೇಡಿ, ಹತ್ತು ನಿಮಿಷ ಮಡಿಲಲ್ಲಿ ಕೂರಿಸ್ಕೊಳ್ಳಿ, ಚಿಕ್ಕವರಿಗೆ ಒಂದು ಲೋಟ ಹಾಲು ಕೊಡಿ. ದೇವರ ಪೂಜೆ ಆಗೋವರೆಗೂ ಏನೂ ಕೊಡಬಾರದು ಅನ್ನೋ ನಿಯಮ ದೊಡ್ಡವರು ಪಾಲಿಸಲಿ, ಮಕ್ಕಳ ಮೇಲೆ ಹೇರಬೇಡಿ.

ಬರೀ ಹರಳೆಣ್ಣೆ ತುಂಬಾ ಜಿಗುಟು, ಬೇಗ ಹೋಗಲ್ಲ, ಅದಕ್ಕೆ ಮಕ್ಕಳು ಅಳೋದು. ಅರ್ಧಕ್ಕರ್ಧ ಕೊಬ್ಬರಿ ಎಣ್ಣೆ ಬೆರೆಸಿ, ಬಟ್ಟಲನ್ನ ಬಿಸಿನೀರಲ್ಲಿಟ್ಟು ಉಗುರುಬೆಚ್ಚಗೆ ಮಾಡ್ಕೊಳ್ಳಿ, ನಿಮ್ಮ ಮಣಿಕಟ್ಟಿಗೆ ಹಾಕಿ ನೋಡಿ. ಮೊದಲು ಮನೆಯ ಹಿರಿಯರು ಮಕ್ಕಳನ್ನ ಪೂರ್ವಕ್ಕೆ ಮುಖ ಮಾಡಿ ಮಣೆ ಮೇಲೆ ಕೂರಿಸಿ, ಕುಂಕುಮ ಇಟ್ಟು, ನೆತ್ತಿಗೆ ಎಣ್ಣೆ ಇಟ್ಟು ಹರಸೋದು, ಆಮೇಲೆ ತಲೆ, ಬೆನ್ನು, ಕೈಕಾಲು. ಕಣ್ಣು, ಕಿವಿ, ಮೂಗಿಗೆ ಎಣ್ಣೆ ಬಿಡೋ ಹಳೇ ರೂಢಿ ಬಿಟ್ಟುಬಿಡಿ, ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದ್ರೆ ಅಪಾಯ. ಜ್ವರ, ಕೆಮ್ಮು, ಚರ್ಮದ ತೊಂದರೆ ಇರೋ ಮಗುವಿಗೆ ನೆತ್ತಿಗೆ ಒಂದು ತೊಟ್ಟು ಮುಟ್ಟಿಸಿ ಮಾಮೂಲಿ ಸ್ನಾನ ಮಾಡಿಸಿ, ಶಾಸ್ತ್ರ ಆಯ್ತು.

ಎಣ್ಣೆ ನೆನೆಯೋ ಅರ್ಧ ಗಂಟೆಯಲ್ಲಿ ಮಕ್ಕಳನ್ನ ಸುಮ್ನೆ ಕೂರಿಸಿದ್ರೆ ಸೋಫಾ, ಹಾಸಿಗೆ, ಗೋಡೆ ಎಲ್ಲಾ ಎಣ್ಣೆ. ಆ ಹೊತ್ತಲ್ಲಿ ಹಳೇ ಚಾಪೆ ಮೇಲೆ ಕೂರಿಸಿ ತೋರಣದ ಎಲೆ ಮಡಚೋ ಕೆಲಸ ಕೊಡಿ. ಎಲೆಯ ತೊಟ್ಟಿನ ಕಡೆ ಭಾಗವನ್ನ ಹುರಿ ಮೇಲಿಂದ ಮಡಚಿ, ಗರಿಕಡ್ಡಿ ಚೂರು ಚುಚ್ಚಿ ಸಿಕ್ಕಿಸಿದ್ರೆ ಆಯ್ತು, ದಬ್ಬಣ ಬೇಕಿಲ್ಲ. ನಿಮ್ಮನೇಲಿ ಸ್ನಾನ ಆಗದೆ ತೋರಣ ಮುಟ್ಟಬಾರದು ಅಂತಿದ್ರೆ ಆಗ ಶ್ಲೋಕ ಇನ್ನೊಂದ್ಸಲ ಒಪ್ಪಿಸೋದು ಇಟ್ಕೊಳ್ಳಿ.

ಸ್ನಾನಕ್ಕೆ ಸೀಗೆಪುಡಿ ಕಣ್ಣಿಗೆ ಹೋದ್ರೆ ಮಗು ಮುಂದಿನ ವರ್ಷ ಎಣ್ಣೆ ಬಟ್ಟಲು ನೋಡಿದ್ರೇ ಓಡುತ್ತೆ. ಹತ್ತು ವರ್ಷದೊಳಗಿನವರಿಗೆ ಕಡಲೆಹಿಟ್ಟೇ ಸಾಕು. ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಮೊಣಕೈ ಅದ್ದಿ ನೋಡಿ. ಒಂದು ಮಗುವಿನ ಸ್ನಾನ ಆದ ಕೂಡ್ಲೆ ನೆಲಕ್ಕೆ ಸೋಪಿನ ನೀರು ಹಾಕಿ ಉಜ್ಜಿಬಿಡಿ, ಇನ್ನೊಂದು ಮಗು ಆಮೇಲೇ ಒಳಗೆ ಬರಬೇಕು.

## ಹಂತ 4: ತೋರಣ, ರಂಗೋಲಿ, ಹೊಸ ಬಟ್ಟೆ

ಹೊಸ ಬಟ್ಟೆ ಒಳಭಾಗದ ಮೂಲೆಗೆ ಅರಿಶಿನದ ಬೊಟ್ಟು ಇಟ್ಟು ದೇವರ ಮುಂದಿಟ್ಟು ಆಮೇಲೆ ಮಕ್ಕಳಿಗೆ ಕೊಡೋದು. ಆದ್ರೆ ರಂಗೋಲಿ ಮುಗಿಯೋವರೆಗೂ ಹಾಕಿಸಬೇಡಿ.

ಮುಂಬಾಗಿಲಿಗೆ ತೋರಣ ಕಟ್ಟುವಾಗ ಮಾವಿನ ಎಲೆ ಮಧ್ಯೆ ಬೇವಿನ ಗೊಂಚಲು ಸಿಕ್ಕಿಸಿ. ಸ್ಟೂಲ್ ಹತ್ತೋದು ಮನೆಯ ಗಟ್ಟಿಮುಟ್ಟಾದವರು, ಮೊಮ್ಮಗು ಕೆಳಗೆ ನಿಂತು "ಎಡಗಡೆ ಸ್ವಲ್ಪ ಮೇಲೆ" ಅಂತ ಹೇಳೋ ಮೇಸ್ತ್ರಿ. ತಾತಂದಿರು ಈ ದಿನ ಸ್ಟೂಲ್ ಹತ್ತೋದು ಬೇಡ, ಕಾಲಲ್ಲಿ ಎಣ್ಣೆ ಪಸೆ ಇರುತ್ತೆ.

ರಂಗೋಲಿ ಅಂಗಳವಾದ್ರೂ ಆಗಲಿ, ಫ್ಲ್ಯಾಟಿನ ಬಾಗಿಲ ಮುಂದಿನ ಎರಡಡಿ ಜಾಗವಾದ್ರೂ ಆಗಲಿ, ಚುಕ್ಕಿ ನೀವಿಟ್ಟು ಗೆರೆ ಅವರಿಗೆ ಬಿಡಿ. ಸೊಟ್ಟಗಿದೆ ಅಂತ ಅಳಿಸಿ ತಿದ್ದೋಕೆ ಹೋಗಬೇಡಿ, ಮಗು ಅಲ್ಲಿಗೆ ಕೈಬಿಟ್ಟುಬಿಡುತ್ತೆ. ಬಾಯಿಗೆ ಕೈ ಹಾಕೋ ವಯಸ್ಸಿನವರಿಗೆ ಅಕ್ಕಿಹಿಟ್ಟು ಮಾತ್ರ, ಬಣ್ಣದ ಪುಡಿ ಮುಟ್ಟಿದ ಮೇಲೆ ಎಲ್ಲರಿಗೂ ಕೈ ತೊಳೆಸಿ.

## ಹಂತ 5: ಪೂಜೆ, ಬೇವು-ಬೆಲ್ಲ

ಪೂಜೆ ಮಕ್ಕಳಿದ್ದಾಗ ಇಪ್ಪತ್ತು ನಿಮಿಷ ಮೀರಬಾರದು. ಉದ್ದ ಪಾರಾಯಣ ಇದ್ರೆ ನೀವು ಬೇಗ ಎದ್ದು ಮುಗಿಸಿಕೊಳ್ಳಿ. ಪಂಚಾಂಗಕ್ಕೆ ಅರಿಶಿನ-ಕುಂಕುಮ ಹಚ್ಚಿ ದೇವರ ಮುಂದಿಡೋದು ಮಕ್ಕಳ ಕೈಲಿ ಮಾಡಿಸಿ. ದೀಪದ ಹತ್ರ ಲಂಗ, ದುಪಟ್ಟಾ, ಜರಿ ಶಲ್ಯ ಬಗ್ಗೆ ಒಂದು ಕಣ್ಣಿರಲಿ, ಸಿಂಥೆಟಿಕ್ ಬಟ್ಟೆಗೆ ಬೆಂಕಿ ತಾಗಿದ್ರೆ ಕರಗಿ ಚರ್ಮಕ್ಕೆ ಅಂಟ್ಕೊಳ್ಳುತ್ತೆ.

ಬೇವು-ಬೆಲ್ಲದ ಹದ ಮಕ್ಕಳಿಗೆ ಹೀಗೆ: ನಾಲ್ಕು ಚಮಚ ಬೆಲ್ಲದ ಪುಡಿಗೆ ಒಂದು ಸಣ್ಣ ಚಮಚ ಬೇವಿನ ಹೂ, ಒಂದೆರಡು ಎಳೇ ಚಿಗುರು, ಎರಡು ಚಮಚ ಹುರಿಗಡಲೆ ಪುಡಿ, ಚೂರು ಕೊಬ್ಬರಿ ತುರಿ. ಕುಟ್ಟಾಣಿಯಲ್ಲಿ ಮಗುವೇ ಕುಟ್ಟಲಿ, ಅರ್ಧ ಚಮಚ ತುಪ್ಪ ಹಾಕಿ ಕಡಲೆಕಾಳಿನ ಗಾತ್ರಕ್ಕೆ ಉಂಡೆ ಮಾಡಲಿ. ತಾನೇ ಕುಟ್ಟಿ ಉಂಡೆ ಮಾಡಿದ್ದನ್ನ ಮಗು ಉಗಿಯಲ್ಲ, ಎಲ್ಲರಿಗೂ ಹಂಚಿಕೊಂಡು ಬಂದು ತಾನೂ ತಿನ್ನುತ್ತೆ. ಬಲಿತ ಎಲೆ ಹಾಕಿದ್ರೆ ಕಹಿ ವಿಪರೀತ, ಎಲ್ಲರೂ ಮಾಡೋ ತಪ್ಪು ಅದೇ. ಹಾಗಂತ ಬೇವೇ ಇಲ್ಲದ ಹಾಗೆ ಬರೀ ಬೆಲ್ಲ ಕೊಡೋದೂ ಬೇಡ, ಕಹಿ ನಾಲಿಗೆಗೆ ಗೊತ್ತಾಗ್ಬೇಕು.

ಉತ್ತರ ಕರ್ನಾಟಕದ ಕಡೆ ಬೇವನ್ನ ಪಾನಕದ ಥರ ಕುಡಿಯೋ ರೂಢಿ ಇದೆ, ಬೆಲ್ಲದ ನೀರಿಗೆ ಬೇವಿನ ಹೂ, ಮಾವಿನಕಾಯಿ ತುರಿ, ಪುಟಾಣಿ ಹಿಟ್ಟು, ದ್ರಾಕ್ಷಿ-ಗೋಡಂಬಿ ಹಾಕಿ ಮಾಡೋದು. ಉಂಡೆ ಒಲ್ಲೆ ಅನ್ನೋ ಮಕ್ಕಳಿಗೆ ಇದು ಸಲೀಸು, ಬೇಸಿಗೆಗೂ ತಂಪು.

ಗಮನಿಸಬೇಕಾದ್ದು: ನಾಲ್ಕು ವರ್ಷದೊಳಗಿನವರಿಗೆ ಇಡೀ ಹುರಿಗಡಲೆ, ಇಡೀ ಗೋಡಂಬಿ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಒಂದು ವರ್ಷದೊಳಗಿನ ಕೂಸಿಗೆ ಬೆಲ್ಲ, ಜೇನು, ಬೇವು ಯಾವುದೂ ಬೇಡ. ಬೇವಿನೆಣ್ಣೆಯನ್ನಂತೂ ಯಾವ ವಯಸ್ಸಿನ ಮಕ್ಕಳಿಗೂ ಹೊಟ್ಟೆಗೆ ಹಾಕಲೇಬೇಡಿ, ಅದು ಚಿಕ್ಕ ಮಕ್ಕಳ ಪ್ರಾಣಕ್ಕೇ ಕುತ್ತು ತಂದದ್ದಿದೆ.

ಬೇವು-ಬೆಲ್ಲ ಆದ ತಕ್ಷಣ ಹಿರಿಯರಿಗೆ ನಮಸ್ಕಾರ, ಅದರ ಹಿಂದೇನೇ ತಿಂಡಿ. ಮಾವಿನಕಾಯಿ ಚಿತ್ರಾನ್ನ ಅಥವಾ ಇಡ್ಲಿ, ಒಂಬತ್ತು ಗಂಟೆ ದಾಟಿಸಬೇಡಿ.

## ಹಂತ 6: ಒಬ್ಬಟ್ಟು ತಟ್ಟೋದು

ಹೂರಣ ಫ್ರಿಜ್ಜಿಂದ ಒಂದು ಗಂಟೆ ಮುಂಚೆ ಆಚೆ ತೆಗೀರಿ. ತಣ್ಣಗೆ ಗಟ್ಟಿಯಾಗಿರೋ ಹೂರಣ ಕನಕವನ್ನ, ಅಂದ್ರೆ ಹೊರಗಿನ ಹಿಟ್ಟನ್ನ, ಹರಿದುಕೊಂಡು ಆಚೆ ಬರುತ್ತೆ. ಕನಕ ತಿಂಡಿಗೆ ಮುಂಚೆಯೇ ಕಲಸಿ, ಚಿರೋಟಿ ರವೆಗೆ ಸ್ವಲ್ಪ ಮೈದಾ, ಚಿಟಿಕೆ ಅರಿಶಿನ, ಚಿಟಿಕೆ ಉಪ್ಪು, ಮೆತ್ತಗೆ ಕಲಸಿ ಮೇಲೆ ಧಾರಾಳ ಎಣ್ಣೆ ಬಿಟ್ಟು ಎರಡು ಗಂಟೆ ನೆನೆಸಿ. ಎಳೆದ್ರೆ ತುಂಡಾಗದೆ ಉದ್ದಕ್ಕೆ ಜಗ್ಗಬೇಕು. ತುಂಡಾದ್ರೆ ಇನ್ನೂ ನಾದಬೇಕು ಅಂತ ಅರ್ಥ.

ಹೂರಣದ ಉಂಡೆ ಕಟ್ಟೋದು ಮಕ್ಕಳ ಕೆಲಸ, ಎಣಿಸಿ ತಟ್ಟೇಲಿ ಸಾಲಾಗಿ ಇಡಲಿ. ಕನಕದ ಉಂಡೆ ಹೂರಣಕ್ಕಿಂತ ಚಿಕ್ಕದಿರಬೇಕು, ಮಕ್ಕಳು ಯಾವಾಗಲೂ ಉಲ್ಟಾ ಮಾಡ್ತಾರೆ, ಒಂದು ಮಾದರಿ ಮಾಡಿ ಎದುರಿಗಿಡಿ. ಎಣ್ಣೆ ಸವರಿದ ಬಾಳೆ ಎಲೆ ಮೇಲೆ ಅಂಗೈ ಅಗಲ ತಟ್ಟಲಿ, ಮಧ್ಯದಿಂದ ಅಂಚಿಗೆ. ಅಂಗೈಗಿಂತ ದೊಡ್ಡದು ಮಾಡಿದ್ರೆ ಕಾವಲಿಗೆ ಹಾಕುವಾಗ ಹರಿಯುತ್ತೆ, ಹರಿದ್ರೆ ಮಗು ಮುಖ ಸಣ್ಣಗಾಗುತ್ತೆ. ಕಾವಲಿ ಹತ್ರ ದೊಡ್ಡವರು ಮಾತ್ರ. ಮಕ್ಕಳು ನೆಲದ ಮೇಲೆ ಅಥವಾ ಊಟದ ಟೇಬಲ್ಲಲ್ಲಿ ತಟ್ಟಲಿ, ಎಲೆ ಸಮೇತ ನೀವು ಎತ್ಕೊಂಡು ಹೋಗಿ. ಯಾರ ಒಬ್ಬಟ್ಟು ಯಾವುದು ಅಂತ ನೆನಪಿಟ್ಟು ಅವರವರ ಎಲೆಗೇ ಬಡಿಸಿ, ಇದನ್ನ ಮರೆತ್ರೆ ಮಕ್ಕಳು ಕ್ಷಮಿಸಲ್ಲ.

ಬಿಸಿ ಒಬ್ಬಟ್ಟು ಮೇಲೆ ಆರಿದ ಹಾಗೆ ಕಂಡ್ರೂ ಒಳಗಿನ ಹೂರಣ ಸುಡ್ತಾ ಇರುತ್ತೆ. ಚಿಕ್ಕವರಿಗೆ ಹರಿದು, ತುಪ್ಪ ಹಾಕಿ, ಎರಡು ನಿಮಿಷ ಬಿಟ್ಟು ಕೊಡಿ. ಊಟ ಒಂದು ಗಂಟೆಗೆ ಆಗ್ಬೇಕು.

## ಹಂತ 7: ಪಂಚಾಂಗ ಶ್ರವಣ

ಊಟ, ನಿದ್ದೆ ಆದ ಮೇಲೆ ನಾಲ್ಕು ಗಂಟೆ ಸುಮಾರಿಗೆ ಇಡಿ. ಪೂರ್ತಿ ವರ್ಷಫಲ ಓದಿದ್ರೆ ಎರಡನೇ ಪುಟಕ್ಕೇ ಮಕ್ಕಳು ಎದ್ದು ಹೋಗ್ತಾರೆ. ತಿಥಿ, ವಾರ, ನಕ್ಷತ್ರ, ಯೋಗ, ಕರಣ, ಈ ಐದನ್ನ ಆವತ್ತಿನ ದಿನಕ್ಕೆ ಮಕ್ಕಳಿಂದಲೇ ಹುಡುಕಿಸಿ, ಸಾಕು.

ಆಮೇಲೆ ಸಂವತ್ಸರದ ಆಟ. ಒಟ್ಟು 60 ಸಂವತ್ಸರ, ಯುಗಾದಿಯಿಂದ ಯುಗಾದಿಗೆ ಹೆಸರು ಬದಲಾಗುತ್ತೆ. 2018ರ ಯುಗಾದಿಯಿಂದ ವಿಳಂಬಿ, 2019ರಿಂದ ವಿಕಾರಿ, 2020 ಶಾರ್ವರಿ, 2021 ಪ್ಲವ, 2022 ಶುಭಕೃತ್, 2023 ಶೋಭಕೃತ್, 2024 ಕ್ರೋಧಿ, 2025 ವಿಶ್ವಾವಸು, 2026 ಪರಾಭವ. ಪ್ರತಿ ಮಗುವೂ ತಾನು ಹುಟ್ಟಿದ ಸಂವತ್ಸರ ಹುಡುಕಲಿ. ಇಲ್ಲಿ ಎಲ್ಲರೂ ಎಡವೋದು ಒಂದೇ ಕಡೆ: ಜನವರಿ, ಫೆಬ್ರವರಿಯಲ್ಲಿ ಹುಟ್ಟಿದವರಿಗೆ ಹಿಂದಿನ ಯುಗಾದಿಯ ಸಂವತ್ಸರವೇ ಲೆಕ್ಕ. 2020ರ ಜನವರಿಯಲ್ಲಿ ಹುಟ್ಟಿದ ಮಗು ವಿಕಾರಿಯದ್ದು, ಶಾರ್ವರಿಯದ್ದಲ್ಲ.

60 ವರ್ಷಕ್ಕೆ ಹೆಸರು ಮತ್ತೆ ಬರೋದ್ರಿಂದ 1966ರ ಯುಗಾದಿ ಕಳೆದು ಆ ವರ್ಷವೇ ಹುಟ್ಟಿದ ಅಜ್ಜಿ ಅಥವಾ ತಾತ ಇದ್ರೆ ಅವರದ್ದೂ ಪರಾಭವವೇ. ಅಜ್ಜಿ ಹುಟ್ಟಿದ ವರ್ಷದ ಹೆಸರೇ 2026ರದ್ದೂ ಅಂತ ಗೊತ್ತಾದ್ರೆ ಮಕ್ಕಳು ಮನೇಲಿರೋ ಎಲ್ಲರ ಹುಟ್ಟಿದ ವರ್ಷ ಕೇಳ್ಕೊಂಡು ಓಡಾಡ್ತಾರೆ, ಪಂಚಾಂಗ ನಿಮ್ಮ ಕೈಗೆ ವಾಪಸ್ ಸಿಗೋದು ಕಷ್ಟ.

## ಹಂತ 8: ಚಂದ್ರನನ್ನ ನೋಡೋದು

ಸೂರ್ಯ ಮುಳುಗಿದ ಹದಿನೈದು ಇಪ್ಪತ್ತು ನಿಮಿಷಕ್ಕೆ ಟೆರೇಸ್ ಹತ್ತಿ, ಪಶ್ಚಿಮ ದಿಕ್ಕು, ಸೂರ್ಯ ಮುಳುಗಿದ ಜಾಗದ ಸ್ವಲ್ಪ ಮೇಲೆ. ಗೆರೆಯಷ್ಟು ತೆಳ್ಳಗೆ, ಎರಡೂ ತುದಿ ಮೇಲಕ್ಕೆ ಮಾಡಿಕೊಂಡು ಇರುತ್ತೆ. ಏಳೂವರೆಗೆ ಹೋದ್ರೆ ಮುಳುಗಿ ಹೋಗಿರಬಹುದು, ಮಧ್ಯೆ ಅಪಾರ್ಟ್‌ಮೆಂಟ್ ಅಡ್ಡ ಇದ್ರೆ ಅದಕ್ಕೂ ಮುಂಚೆ. ಬೈನಾಕ್ಯುಲರ್ ಇದ್ರೆ ಸೂರ್ಯ ಪೂರ್ತಿ ಮುಳುಗಿದ ಮೇಲೆ ಮಾತ್ರ ಮಕ್ಕಳ ಕೈಗೆ ಕೊಡಿ.

ಪಾಡ್ಯದ ದಿನ ಚಂದ್ರ ಕಾಣೋದು ಗ್ಯಾರಂಟಿ ಇಲ್ಲ, ಅದನ್ನ ಮಕ್ಕಳಿಗೆ ಮೊದಲೇ ಹೇಳಿಬಿಡಿ. ಅಮಾವಾಸ್ಯೆ ಯಾವಾಗ ಮುಗೀತು ಅನ್ನೋದ್ರ ಮೇಲೆ ಎಲ್ಲಾ ನಿಂತಿರುತ್ತೆ. 2025ರ ಯುಗಾದಿ ಮಾರ್ಚ್ 30ಕ್ಕೆ, ಅಮಾವಾಸ್ಯೆ ಹಿಂದಿನ ದಿನ ಸಂಜೆ ನಾಲ್ಕೂವರೆ ಹೊತ್ತಿಗೇ ಮುಗಿದಿತ್ತು, ಹಾಗಾಗಿ ಹಬ್ಬದ ಸಂಜೆಯೇ ಕಾಣೋ ಲೆಕ್ಕ. 2026ರಲ್ಲಿ ಮಾರ್ಚ್ 19ರ ಬೆಳಿಗ್ಗೆ ಏಳರ ಹೊತ್ತಿಗೆ ಮುಗಿದದ್ದು, ಸಂಜೆಗೆ ಇನ್ನೂ ಹನ್ನೆರಡು ಗಂಟೆಯೂ ಆಗಿರಲ್ಲ, ಬರಿಗಣ್ಣಿಗೆ ಕಾಣಲ್ಲ, ಮರುದಿನ ಬಿದಿಗೆಗೇ ನೋಡ್ಬೇಕು. ಪಂಚಾಂಗದಲ್ಲಿ ಅಮಾವಾಸ್ಯೆ ಮುಗಿಯೋ ಟೈಮ್ ನೋಡಿ ಸಂಜೆವರೆಗೆ ಗಂಟೆ ಎಣಿಸಿ: ಇಪ್ಪತ್ತು ಇಪ್ಪತ್ನಾಲ್ಕು ಗಂಟೆ ದಾಟಿದ್ರೆ ನೋಡೋಕೆ ಹೋಗಿ, ಕಡಿಮೆ ಇದ್ರೆ "ನಾಳೆ ಕಂದ" ಅಂತ ಹೇಳಿ. ಕಾಣದೇ ಇದ್ದಾಗ ಯಾವುದೋ ನಕ್ಷತ್ರ ತೋರಿಸಿ ಅದೇ ಚಂದ್ರ ಅನ್ನಬೇಡಿ. ಕಂಡ ಮೇಲೆ ಕೈಮುಗಿದು, ಹಿರಿಯರಿಗೆ ಇನ್ನೊಂದ್ಸಲ ನಮಸ್ಕಾರ.

## ಹಂತ 9: ಮರುದಿನ, ಹೊಸತೊಡಕು

ಹೊಸತೊಡಕಿನ ದಿನ ಏನು ಮಾಡ್ತೀವೋ ಅದೇ ವರ್ಷವೆಲ್ಲಾ ನಡೆಯುತ್ತೆ ಅನ್ನೋ ನಂಬಿಕೆ ಇದೆ. ಮಾಂಸದಡುಗೆ ಮಾಡೋ ಮನೆಗಳಲ್ಲಿ ಅದರದೇ ಸಡಗರ, ಉಳಿದವರು ಆವತ್ತು ಮಕ್ಕಳ ಕೈಲಿ ಅವರಿಗೆ ಇಷ್ಟದ ಕೆಲಸ ಒಂದು ಶುರು ಮಾಡಿಸಬಹುದು.

ಉಳಿದ ಬೇಳೆ ಒಬ್ಬಟ್ಟು ಎರಡು ದಿನ ಆಚೆ ಇರುತ್ತೆ, ಬೇಸಿಗೆ ಜೋರಿದ್ರೆ ಒಂದೇ ದಿನ. ಅಂಟು ಅಂಟಾಗಿ ಹುಳಿ ವಾಸನೆ ಬಂದ್ರೆ ಬಿಸಾಕಿ, ತುಪ್ಪ ಹಾಕಿ ಬಿಸಿ ಮಾಡಿ ಮಕ್ಕಳಿಗೆ ಕೊಡೋಕೆ ಹೋಗಬೇಡಿ. ಊರಿಗೆ ಕಟ್ಟಿಕೊಡೋದಾದ್ರೆ ಪೂರ್ತಿ ಆರಿದ ಮೇಲೆ ಮಧ್ಯೆ ಮಧ್ಯೆ ಬಾಳೆ ಎಲೆ ತುಂಡಿಟ್ಟು ಡಬ್ಬಿಗೆ ಹಾಕಿ, ಬಿಸಿ ಇರುವಾಗ ಮುಚ್ಚಿದ್ರೆ ಬೆವೆತು ಸಂಜೆಗೇ ಹಳಸುತ್ತೆ.

ಉಳಿದ ಬೇವಿನ ಹೂವನ್ನ ಎಸೀಬೇಡಿ. ಬಿಳಿ ಬಟ್ಟೆ ಮೇಲೆ ನೆರಳಲ್ಲಿ ಹರವಿ, ಗರಿಗರಿ ಆದ ಮೇಲೆ ಗಾಜಿನ ಬಾಟಲಿಗೆ ತುಂಬಿಡಿ. ಬೇವಿನ ಮರ ಸಿಗದ ಊರಲ್ಲಿ, ಹೊರದೇಶದಲ್ಲಿ ಇರೋ ಮೊಮ್ಮಕ್ಕಳಿಗೆ ಯಾರಾದ್ರೂ ಹೋಗೋವಾಗ ಕಳಿಸಿ, ಆದ್ರೆ ಆ ದೇಶಕ್ಕೆ ಗಿಡದ ಪದಾರ್ಥ ತಗೊಂಡು ಹೋಗೋಕೆ ಬಿಡ್ತಾರಾ ಅಂತ ಮೊದಲು ಕೇಳ್ಕೊಳ್ಳಿ. ಬಿಡಲ್ಲ ಅಂದ್ರೆ ಅಲ್ಲಿನ ಇಂಡಿಯನ್ ಸ್ಟೋರಲ್ಲಿ ಒಣಗಿದ ಬೇವಿನ ಹೂ ಇದೆಯಾ ಅಂತ ಹಬ್ಬಕ್ಕೆ ಹದಿನೈದು ದಿನ ಮುಂಚೆಯೇ ನೋಡಿಸಿ.